ಚಂದ್ರಿಕೆಗೆ ಹಬ್ಬಿದ ಅವರೆಬಳ್ಳಿ

ನಮ್ಮ ಮನೆಗೆ ನೀವು ಯಾವಾಗಲಾದರೂ ಬರುವುದಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಕಾಫಿ ತಡವಾಗುತ್ತದೆ. ಅದರಲ್ಲಿ ನನ್ನ ತಪ್ಪೇನಿಲ್ಲ. ರಾಮನಗರದ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದ ಹಾಗೇ ನಮ್ಮ ಯಜಮಾನರು, "ಬನ್ನಿ ಬನ್ನಿ, ಮೊದಲು ಮೇಲೆ ಹೋಗಿ ಬಂದುಬಿಡೋಣ" ಅನ್ನುತ್ತಾರೆ. ಮೇಲೆ ಅಂದರೆ ತಾರಸಿ. ಮಂಡಿನೋವಿನವರಿಗೂ ವಿನಾಯಿತಿ ಇಲ್ಲ. ನಮ್ಮ ಸೋದರತ್ತೆ ಒಬ್ಬರು ಮದುವೆ ಪತ್ರಿಕೆ ಕೊಡಲು ಬಂದವರು ಮೂವತ್ತು ಗಿಡಗಳ ಜಾತಕ ಕೇಳಿಸಿಕೊಂಡು ಕೆಳಗಿಳಿದು, ಪತ್ರಿಕೆ ಕೊಡುವುದನ್ನೇ ಮರೆತು ಹೊರಟುಹೋದರು.

ತಾರಸಿಯಲ್ಲಿ ಏನಿದೆ ಅಂತೀರಾ? ಪೇಂಟಿನ ಡಬ್ಬಿಯಲ್ಲಿ ಬದನೆ, ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ದಂಟಿನ ಸೊಪ್ಪು, ಕೆಟ್ಟುಹೋದ ವಾಷಿಂಗ್ ಮಿಷನ್ನಿನ ಹೊಟ್ಟೆಯೊಳಗೆ ಸೋರೆ. ನಾನು ನೀರು ಕಾಯಿಸುತ್ತಿದ್ದ ಹಳೇ ಹಂಡೆಯಲ್ಲಿ ಬಸಳೆ. ಒಂದು ದಿನ ಇಡ್ಲಿ ಪಾತ್ರೆ ಕಾಣಲಿಲ್ಲ ಅಂತ ಹುಡುಕಿದರೆ ಅದರಲ್ಲಿ ಕೊತ್ತಂಬರಿ ಮೊಳಕೆಯೊಡೆದಿತ್ತು. ಆವತ್ತು ನಾನು ಏನಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಇವೆಲ್ಲ ಮುಗಿದ ಮೇಲೆ ನೀರಿನ ಟ್ಯಾಂಕಿನ ಪಕ್ಕ, ಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ಬಿದಿರಿನ ವಸ್ತು ಕಾಣುತ್ತದೆ. ಮಂಚದಷ್ಟು ಅಗಲದ ಚಾಪೆ, ಚಾಪೆಯ ಮೈತುಂಬ ಎದ್ದು ನಿಂತ ಬಿದಿರು ಪಟ್ಟಿಯ ಸುರುಳಿ ಸುರುಳಿ. ಬೆಂಗಳೂರಿನ ಕಡೆಯಿಂದ ಬಂದವರು, "ಇದೇನು ಸಾರ್, ಡೆಕೊರೇಷನ್ನಾ?" ಅಂತ ಕೇಳುತ್ತಾರೆ. ಆಗ ಮಾತ್ರ ನಮ್ಮವರ ಬಾಯಿ ಕಟ್ಟುತ್ತದೆ. "ಅದಾ... ಅದು ಚಂದ್ರಿಕೆ. ಈ ಬದನೆ ನೋಡಿದಿರಾ?" ಅಂತ ತಿರುಗಿಬಿಡುತ್ತಾರೆ. ಅವರು ಹೇಳದ ಆ ಕಥೆಯನ್ನು ನಾನು ನಿಮಗೆ ಹೇಳುತ್ತೇನೆ. ಅವರು ಈಗ ಮೇಲೆ ನೀರು ಹಾಕುತ್ತಿದ್ದಾರೆ, ಇಳಿಯುವುದಕ್ಕೆ ಇನ್ನೂ ಹೊತ್ತಿದೆ.

ಚಂದ್ರಿಕೆ ಅಂದರೆ ರೇಷ್ಮೆಹುಳ ಗೂಡು ಕಟ್ಟುವ ಜಾಗ. ಸೊಪ್ಪು ತಿಂದು ತಿಂದು ಹಣ್ಣಾದ ಹುಳವನ್ನು ಆರಿಸಿ ಇದರ ಮೇಲೆ ಬಿಟ್ಟರೆ, ಅದು ಸುರುಳಿಯ ಸಂದು ನೋಡಿಕೊಂಡು ಅಲ್ಲೇ ಗೂಡು ಸುತ್ತಿಕೊಳ್ಳುತ್ತದೆ. ನಾನು ಹುಟ್ಟಿದ್ದು ಕೂಟಗಲ್ ಪಕ್ಕದ ಹಳ್ಳಿಯ ಅಂಥದೇ ಒಂದು ಹುಳದ ಮನೆಯಲ್ಲಿ. ಹುಳದ ಮನೆ ಅಂದರೆ ಬೇರೆ ಮನೆಯಲ್ಲ, ನಮ್ಮದೇ ಮನೆ. ನಡುಮನೆ ಪೂರ್ತಿ ಹುಳಕ್ಕೆ, ಮಿಕ್ಕಿದ ಮೂಲೆಮುಡುಕು ಮನುಷ್ಯರಿಗೆ. ನಮ್ಮನ್ನು ಜಗಲಿ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಮಳೆ ಬಂದರೆ ನಾವು ನೆನೆಯಬಹುದಿತ್ತು, ಹುಳ ನೆನೆಯಬಾರದಿತ್ತು. ಅಮ್ಮ ಅಷ್ಟು ಹೊತ್ತುಹೊತ್ತಿಗೆ ನಮಗೆ ಅನ್ನ ಹಾಕಿದ್ದು ನನಗೆ ನೆನಪಿಲ್ಲ, ಹುಳಕ್ಕೆ ಸೊಪ್ಪು ಹಾಕಿದ್ದು ನೆನಪಿದೆ.

ಹುಳದ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಘಾಟು ಏಳಬಾರದು, ಊದಿನಕಡ್ಡಿ ಹಚ್ಚಬಾರದು, ಘಮಘಮ ಎಣ್ಣೆ ಬಳಿದುಕೊಂಡ ತಲೆ ಒಳಗೆ ಬರಬಾರದು. ಎಲ್ಲಕ್ಕಿಂತ ಮಿಗಿಲಾಗಿ ಹೊಗೆಸೊಪ್ಪು ಹತ್ತಿರ ಸುಳಿಯಬಾರದು. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಹಾಕಿದ ಸೊಪ್ಪು ತಿಂದರೂ ಸಾಕು, ಹುಳ ಒದ್ದಾಡಿ ಹಸಿರು ನೀರು ಕಕ್ಕಿ ಸಾಯುತ್ತದೆ. ನಮ್ಮ ತಾತನಿಗೋ ಊಟ ಬಿಟ್ಟರೂ ಎಲೆ, ಅಡಿಕೆ, ಹೊಗೆಸೊಪ್ಪು ಬಿಡಲಾಗದು. ಹಾಗಾಗಿ ಅಜ್ಜಿ ನಡುಮನೆಯ ಬಾಗಿಲಲ್ಲಿ ಕೂತಿರುತ್ತಿದ್ದಳು. ತಾತ ಬಂದರೆ, "ಎಲ್ಲಿ, ಕೈ ತತ್ತಾ" ಅನ್ನುತ್ತಿದ್ದಳು. ತಾತ ಬಲಗೈ ಚಾಚಬೇಕು. ಅಜ್ಜಿ ಅಂಗೈ ಮೂಸಿ ನೋಡಿ, ಬೆರಳ ಸಂದು ಮೂಸಿ ನೋಡಿ, ಆಮೇಲೆ ಒಳಗೆ ಬಿಡಬೇಕು. ಒಂದು ದಿನ ತಾತ ಉಪಾಯ ಮಾಡಿ ಕೈಗೆ ನಿಂಬೆ ಎಲೆ ಉಜ್ಜಿಕೊಂಡು ಬಂದ. ಅಜ್ಜಿ ಮೂಸಿದಳು. "ನಿಂಬೆ ಎಲೆಗೆ ನಿನ್ ಕೈಯಾಗೆ ಏನ್ ಕೆಲ್ಸ? ನಡಿ ಆಚೆ" ಅಂದಳು. ಊರಿನ ಪಂಚಾಯ್ತಿಯಲ್ಲಿ ಗುಡುಗುತ್ತಿದ್ದ ತಾತ ಬಾಲ ಮುದುರಿಕೊಂಡು ಬಚ್ಚಲಿಗೆ ಹೋದ.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆ ಬಿಡುವು ಅಂತ ಸಿಗುತ್ತಿದ್ದದ್ದು ಜ್ವರದ ದಿನ. ಗಾಬರಿಯಾಗಬೇಡಿ. ಹುಳ ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೇ ನಮ್ಮ ಕಡೆ ಜ್ವರ ಅನ್ನುವುದು. ಆ ಹೊತ್ತಿನಲ್ಲಿ ಹುಳ ತಿನ್ನುವುದಿಲ್ಲ. ತಲೆ ಎತ್ತಿಕೊಂಡು ಧ್ಯಾನಕ್ಕೆ ಕೂತ ಹಾಗೆ ಕೂತಿರುತ್ತದೆ. ಮೇಲೆ ಒಸಿ ಸುಣ್ಣದ ಪುಡಿ ಉದುರಿಸಿ ಬಾಗಿಲು ಎಳೆದುಕೊಂಡರೆ ಮರುದಿನ ಅದು ಏಳುವವರೆಗೆ ಸೊಪ್ಪು ಕೊಯ್ಯುವ ಹಾಗಿಲ್ಲ, ಹಾಕುವ ಹಾಗಿಲ್ಲ. ನಮ್ಮ ಅಮ್ಮ ತೌರುಮನೆಗೆ ಹೋಗಿ ಬರುತ್ತಿದ್ದದ್ದು ಜ್ವರದ ದಿನ. ನಮಗೆ ಹೊಸ ಲಂಗ ತೆಗೆಯಲು ರಾಮನಗರದ ಪೇಟೆಗೆ ಕರೆತರುತ್ತಿದ್ದದ್ದೂ ಜ್ವರದ ದಿನ. ಹುಳಕ್ಕೆ ಜ್ವರ ಬಂತು ಅಂದರೆ ನಾವು ಕುಣಿಯುತ್ತಿದ್ದೆವು.

ಇಂಥ ಮನೆಗೆ ಅಳಿಯನಾಗಿ ಬಂದವರು ನಮ್ಮ ಯಜಮಾನರು. ಚನ್ನಪಟ್ಟಣದ ಪೇಟೆಬೀದಿಯಲ್ಲಿ ಹುಟ್ಟಿದವರು. ಮಣ್ಣು ಅಂದರೆ ಚಪ್ಪಲಿಗೆ ಅಂಟುವ ಪದಾರ್ಥ ಅಂತ ತಿಳಿದಿದ್ದವರು. ಮದುವೆಯಾದ ಹೊಸತು, ಮಧ್ಯಾಹ್ನ ಊಟ ಮಾಡಿ ಜಗಲಿ ಮೇಲೆ ಒರಗಿದ್ದವರು ಇದ್ದಕ್ಕಿದ್ದ ಹಾಗೆ ಎದ್ದು, "ಮಳೆ ಬಂತು, ಮಳೆ ಬಂತು" ಅಂತ ಅಂಗಳಕ್ಕೆ ಓಡಿ, ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಬಂದರು. ಹೊರಗೆ ಸುಡುಬಿಸಿಲು. ಒಳಗೆ ನಡುಮನೆಯಲ್ಲಿ ಹುಳ ಸೊಪ್ಪು ತಿನ್ನುತ್ತಿದ್ದ ಸದ್ದು ಅದು. ನನ್ನ ತಂಗಿಯರು ನಕ್ಕ ನಗು ಊರಾಚೆಗೆ ಕೇಳಿಸಿರಬೇಕು.

ಸರಿ, ಆ ಸದ್ದು ಏನು ಅಂತ ನೋಡಲು ಅಳಿಯಂದಿರು ನಡುಮನೆಯ ಬಾಗಿಲಿಗೆ ಹೋದರು. ಅಜ್ಜಿ, "ಕೈ ಕೊಡಿ" ಅಂದಳು. ಇವರು ಆಶೀರ್ವಾದ ಮಾಡುತ್ತಾಳೆ ಅಂದುಕೊಂಡು ಭಕ್ತಿಯಿಂದ ಎರಡೂ ಕೈ ಚಾಚಿದರು. ಅಜ್ಜಿ ಮೂಸಿದಳು. ಹೊಸ ಮದುಮಗನ ಸೆಂಟು, ಪೌಡರು ಎಲ್ಲ ಮೂಗಿಗೆ ಹೊಡೆಯಿತು. "ಅಳಿಯಂದ್ರು ಆಚೇಲೇ ಇರ್ಲಿ" ಅಂದಳು. ಆಮೇಲೆ ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತ ಮಾಡುತ್ತ ಇವರಿಗೆ ಎಲೆಯಡಿಕೆ ಜೊತೆ ಚೂರು ಹೊಗೆಸೊಪ್ಪಿನ ಚಟವೂ ಅಂಟಿತು. ಅಲ್ಲಿಗೆ ಆ ಬಾಗಿಲು ಶಾಶ್ವತವಾಗಿ ಮುಚ್ಚಿತು. ಹುಳದ ಮನೆಯ ಹೆಣ್ಣನ್ನು ಕಟ್ಟಿಕೊಂಡು ಇಷ್ಟು ವರ್ಷವಾದರೂ ಇವರು ಒಂದು ದಿನವೂ ಹುಳದ ಮನೆಯ ಒಳಗೆ ಕಾಲಿಟ್ಟಿರಲಿಲ್ಲ.

ಇವರು ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ನನಗೆ ಭಯವಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಈ ಮನುಷ್ಯ ಮನೆಯಲ್ಲಿ ಕೂತು ಏನು ಮಾಡುತ್ತಾರೆ? ಅಡುಗೆಮನೆ ಡಬ್ಬಿಗಳನ್ನು ಅಕ್ಷರಮಾಲೆ ಪ್ರಕಾರ ಜೋಡಿಸಿಟ್ಟು ಎರಡು ದಿನ ಸಾಸಿವೆ ಸಿಗದ ಹಾಗೆ ಮಾಡಿದರು. ಅಷ್ಟರಲ್ಲಿ ಮೊಬೈಲಿನಲ್ಲಿ ಯಾರೋ ತಾರಸಿಯ ಮೇಲೆ ಬೆಳೆದ ಟೊಮೆಟೊ ತೋರಿಸಿದರು. ಬದುಕಿದೆ ಅಂದುಕೊಂಡೆ. ಮೊದಲ ಬೆಳೆಯ ಟೊಮೆಟೊಗಳನ್ನು ಬೆಟ್ಟದ ಕಡೆಯಿಂದ ಬಂದ ಕೋತಿಗಳು ಟ್ಯಾಂಕಿನ ಮೇಲೆ ಕೂತು ತಿಂದವು. ಇವರು ಕೋಲು ಹಿಡಿದು ನಿಂತರೆ, ಒಂದು ಮುದಿ ಕೋತಿ ಇವರ ಕಣ್ಣಲ್ಲಿ ಕಣ್ಣಿಟ್ಟು ಅರ್ಧ ಕಚ್ಚಿದ ಟೊಮೆಟೊವನ್ನು ಇವರ ಕಾಲ ಬಳಿಗೇ ಎಸೆಯಿತು. ಎರಡನೇ ಬೆಳೆಯಲ್ಲಿ ಬದನೆ ಬಂತು. ಮೊದಲ ಎರಡು ಕಾಯಿಯನ್ನು ತಟ್ಟೆಯಲ್ಲಿಟ್ಟುಕೊಂಡು ಇವರು ಪಕ್ಕದ ಜಯಮ್ಮನಿಗೆ ಕೊಟ್ಟು ಬಂದರು.

ಜಯಮ್ಮನ ವಿಚಾರ ಹೇಳಬೇಕು. ನಮ್ಮ ಬೀದಿ ರಾಮನಗರದ ಅಂಚಿನಲ್ಲಿದೆ. ಸುತ್ತ ಮನೆಗಳಾಗಿಹೋಗಿವೆ. ನಮ್ಮ ಕಾಂಪೌಂಡಿಗೆ ಹೊಂದಿಕೊಂಡ ಹಿಪ್ಪುನೇರಳೆ ತೋಟ ಒಂದು ಮಾತ್ರ ಉಳಿದಿದೆ. ಆ ತೋಟ, ಅದರ ಮೂಲೆಯ ಹುಳದ ಮನೆ ಎರಡೂ ಜಯಮ್ಮನದು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ, ಇವರನ್ನು ಮಾತ್ರ ಪ್ಯಾಂಟು ನೋಡಿ ಸಾರ್ ಅನ್ನುತ್ತಿದ್ದಳು. ನಾನು ಸ್ಕೂಲಿಂದ ಬಂದವಳು ಮನೆಗೆ ಹೋಗುವ ಮೊದಲು ಅವಳ ಹುಳದ ಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ಆ ಸೊಪ್ಪಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಅಮ್ಮನನ್ನು ನೋಡಿದ ಹಾಗಾಗುತ್ತದೆ. ಇವರು ಹುಳದ ಹಿಕ್ಕೆ ಒಳ್ಳೇ ಗೊಬ್ಬರವಂತೆ, ಕೊಡು ಅಂತ ಕೇಳಿದ್ದಕ್ಕೆ, "ನನ್ ತೋಟಕ್ಕೇ ಸಾಲಲ್ಲ ಸಾರ್" ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಬದನೆಕಾಯಿಯ ಲಂಚಕ್ಕೂ ಜಗ್ಗಲಿಲ್ಲ.

ಕಳೆದ ವರ್ಷ ಅವಳ ಒಂದು ಬೆಳೆ ರೋಗಕ್ಕೆ ಸಿಕ್ಕಿ ಪೂರ್ತಿ ಹೋಯಿತು. ಅವಳ ಮೈದುನ ಆಗಿನಿಂದ ಬೆನ್ನು ಹತ್ತಿದ್ದ. ತೋಟ ಕಿತ್ತುಹಾಕಿ ಸೈಟು ಮಾಡೋಣ ಅಂತ ಅವನ ಹಟ. ಒಂದು ದಿನ ಬಾಗಿಲಲ್ಲಿ ನಿಂತಿದ್ದಾಗ ಜಯಮ್ಮ ನನ್ನ ಹತ್ತಿರ ಹೇಳಿದಳು, "ಇದೊಂದು ಬೆಳೆ ಕೈ ಹಿಡೀಲಿ ಅಕ್ಕ. ಹೋಯ್ತೋ, ಸೈಟ್ ಮಾಡ್ಕೊಳ್ಳಿ ಅಂತ ಬಾಯ್ಬುಟ್ಟು ಹೇಳ್ಬುಟ್ಟಿದೀನಿ. ಮಾತು ಕೊಟ್ಮೇಲೆ ಮುಗೀತು." ಆವತ್ತಿನಿಂದ ಆ ಹುಳಗಳ ಮೇಲೆ ಅವಳಿಗಿದ್ದಷ್ಟೇ ಜೀವ ನನಗೂ ಇತ್ತು. ಆ ತೋಟ ಹೋದರೆ ನನ್ನ ಅಡುಗೆಮನೆ ಕಿಟಕಿಗೆ ಇನ್ಯಾರದೋ ಬಚ್ಚಲ ಗೋಡೆ ಅಡ್ಡ ಬರುತ್ತದೆ ಅನ್ನುವ ಸ್ವಾರ್ಥವೂ ಇತ್ತು ಅನ್ನಿ.

ಇತ್ತ ತಾರಸಿಯಲ್ಲಿ ಅವರೆ. ನನ್ನ ತಮ್ಮ ಊರಲ್ಲಿ ಪ್ಲಾಸ್ಟಿಕ್ ಚಂದ್ರಿಕೆ ತಂದುಕೊಂಡು, ಹಳೇ ಬಿದಿರಿನವನ್ನು ಒಲೆಗೆ ಹಾಕುತ್ತಿದ್ದ. ಮನಸ್ಸು ತಡೆಯದೆ ಒಂದನ್ನು ನಾನು ಎತ್ತಿಸಿಕೊಂಡು ಬಂದಿದ್ದೆ. ಏನು ಮಾಡುವುದು ಅಂತ ಗೊತ್ತಿರಲಿಲ್ಲ, ಸುಮ್ಮನೆ ಬೇಕಿತ್ತು. ಇವರು ಅದನ್ನು ಟ್ಯಾಂಕಿಗೆ ಒರಗಿಸಿ, ಬುಡದಲ್ಲಿ ಒಂದು ಡ್ರಮ್ಮಿಟ್ಟು ಅವರೆ ಬಿತ್ತಿದರು. ಬಳ್ಳಿ ಆ ಸುರುಳಿಗಳ ಸಂದಿಯಲ್ಲಿ ನುಗ್ಗಿ ನುಗ್ಗಿ ಇಡೀ ಚಂದ್ರಿಕೆಯನ್ನು ಮುಚ್ಚಿತು. ಚಳಿ ಶುರುವಾದಾಗ ಗೊಂಚಲು ಗೊಂಚಲು ಹೂ ಬಂತು. ಇವರು ಹಗಲೆಲ್ಲ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. "ಸಂಕ್ರಾಂತಿಗೆ ನಮ್ಮ ಮನೆ ಅವರೇಕಾಯಿದೇ ಹಿತಕಬೇಳೆ ಸಾರು" ಅಂತ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಘೋಷಣೆಯೂ ಆಯಿತು.

ಘೋಷಣೆಯಾದ ಮೇಲೆ ಹೇನು ಬಿತ್ತು. ಕರಿ ಕರಿ ಹೇನು, ಹೂವಿನ ತೊಟ್ಟು ಕಾಣದ ಹಾಗೆ. ಸೋಪಿನ ನೀರು ಹಾಕಿದರು, ಬೂದಿ ಎರಚಿದರು, ಬೇವಿನೆಣ್ಣೆ ಸಿಂಪಡಿಸಿದರು. ಹೇನು ಕೊಬ್ಬಿದವೇ ಹೊರತು ಹೋಗಲಿಲ್ಲ. ಒಂದು ಸಂಜೆ ನಾನು ಸ್ಕೂಲಿಂದ ತಡವಾಗಿ ಬಂದವಳು, ಜಯಮ್ಮನ ಬಾಗಿಲಿಗೂ ಹೋಗದೆ ನೇರ ನಮ್ಮ ಗೇಟು ತೆಗೆದರೆ ಮೂಗಿಗೆ ಘಾಟು ಬಡಿಯಿತು. ತಾತನ ಎಲೆಚೀಲದ ಘಾಟು. ಮೇಲೆ ಓಡಿದೆ. ಇವರು ಬನಿಯನ್, ಲುಂಗಿಯಲ್ಲಿ, ಕೈಯಲ್ಲಿ ಸ್ಪ್ರೇ ಡಬ್ಬಿ ಹಿಡಿದುಕೊಂಡು ಯುದ್ಧ ಗೆದ್ದವರ ಹಾಗೆ ನಿಂತಿದ್ದರು.

"ಏನ್ರೀ ಇದು?"

"ಹೊಗೆಸೊಪ್ಪಿನ ಕಷಾಯ. ನೋಡು, ಹೇನು ಹೇಗೆ ಉದುರ್ತಾ ಇವೆ! ಕೆಮಿಕಲ್ ಏನಿಲ್ಲ ಕಣೇ, ಪೂರ್ತಿ ಸಾವಯವ."

ಮೂಡಲ ಗಾಳಿ ಬೀಸುತ್ತಿತ್ತು, ನನ್ನ ಸೆರಗು ಹಾರುತ್ತಿದ್ದ ದಿಕ್ಕು ನೋಡಿದೆ. ಸೆರಗು ಜಯಮ್ಮನ ತೋಟದ ಕಡೆಗೆ ಹಾರುತ್ತಿತ್ತು. ಗೋಡೆಯಂಚಿಗೆ ಹೋಗಿ ಬಗ್ಗಿದೆ. ನಮ್ಮ ಗೋಡೆಗೆ ತಾಗಿದ ಹಿಪ್ಪುನೇರಳೆ ಸಾಲುಗಳಲ್ಲಿ ಅರ್ಧ ಸಾಲು ಕೊಯ್ದಾಗಿತ್ತು. ಮೊಂಡು ಕಡ್ಡಿಗಳು ಕಾಣುತ್ತಿದ್ದವು.

"ರೀ, ಜಯಮ್ಮ ಸೊಪ್ಪು ಕೊಯ್ದದ್ದು ಯಾವಾಗ? ನೀವು ಹೊಡೆಯೋಕೆ ಮುಂಚೆಯೋ ಆಮೇಲೋ?"

"ನಾನು ಕೆಳಗೆ ನೋಡಲಿಲ್ಲ. ಯಾಕೆ?" ಅಂದವರು, ನನ್ನ ಮುಖ ನೋಡಿದರು, ತೋಟ ನೋಡಿದರು, ಕೈಯಲ್ಲಿದ್ದ ಡಬ್ಬಿ ನೋಡಿದರು. ಹುಳದ ಮನೆಗೆ ಹೊಗೆಸೊಪ್ಪು ಆಗದು ಅನ್ನುವುದು ಇವರಿಗೆ ಗೊತ್ತಿತ್ತು. ಆದರೆ ಹೊಗೆಸೊಪ್ಪು ಬಾಗಿಲಿನಿಂದಲೇ ಬರಬೇಕಾಗಿಲ್ಲ, ಸೊಪ್ಪಿನ ಮೇಲೆ ಕೂತು ಬರಬಹುದು ಅನ್ನುವುದು ಹೊಳೆದಿರಲಿಲ್ಲ. ಡಬ್ಬಿ ಕೈಯಿಂದ ಜಾರಿ ಕೆಳಗೆ ಬಿತ್ತು. "ಅಯ್ಯೋ, ಏನ್ ಮಾಡ್ಬಿಟ್ಟೆ ನಾನು!" ಅಂದರು.

ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಜಯಮ್ಮನ ಮನೆಗೆ ಬೀಗ. ಹುಳದ ಮನೆಗೂ ಬೀಗ. ಫೋನು ಮಾಡಿದರೆ ಎತ್ತಲಿಲ್ಲ. ಹುಳದ ಮನೆಯ ಕಿಟಕಿಗೆ ನೊಣ ಬಾರದ ಹಾಗೆ ಪರದೆ ಕಟ್ಟಿದೆ. ಅದಕ್ಕೆ ಮುಖ ಒತ್ತಿ ನೋಡಿದೆ. ಹೊರಗಿನ ಬೆಳಕು ಇನ್ನೂ ಇತ್ತು. ಅಟ್ಟಣಿಗೆಯ ತುಂಬ ಹುಳ. ಒಂದೂ ಅಲ್ಲಾಡುತ್ತಿಲ್ಲ. ಆ ಮಳೆಯ ಸದ್ದಿಲ್ಲ. ಮೈಯೆಲ್ಲ ಬೆಳ್ಳಗೆ ಬಿಳಿಚಿಕೊಂಡು, ತಲೆ ಎತ್ತಿ, ಇದ್ದಲ್ಲೇ ಇವೆ. ಹೋಯಿತು, ಬೆಳೆ ಹೋಯಿತು, ತೋಟ ಹೋಯಿತು, ಅವರೆ ಸಾರಿನ ಆಸೆಗೆ ಜಯಮ್ಮನ ಬಾಯಿಗೆ ಮಣ್ಣು ಹಾಕಿದೆವು ಅಂತ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತೆ.

ಅತ್ತುಬಿಟ್ಟೆ ಅಂದರೆ ನಿಮಗೆ ನಗು ಬರಬಹುದು. ಅಮ್ಮ ಸತ್ತಾಗ ನೆಂಟರ ಮುಂದೆ ಅಷ್ಟು ಅತ್ತಿರಲಿಲ್ಲ. ಅಮ್ಮನ ನೆನಪಿಗೆ ಅಂತ ನನಗೆ ಉಳಿದಿದ್ದದ್ದು ಆ ಬಾಗಿಲಿನ ಸೊಪ್ಪಿನ ವಾಸನೆ ಒಂದೇ, ಅದನ್ನೂ ನಮ್ಮ ಕೈಯಾರೆ ಕೊಂದೆವಲ್ಲ ಅನ್ನಿಸಿತ್ತು.

ಬೀದಿಯ ತುದಿಯಲ್ಲಿ ಜಯಮ್ಮ ಕಾಣಿಸಿದಳು. ರೇಷ್ಮೆಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ತಾಂಬೂಲದ ಚೀಲ. ನನ್ನನ್ನು ನೋಡಿ, "ಏನಕ್ಕಾ, ಬೀಗ ಹಾಕಿರೋ ಮನೆ ಮುಂದೆ ಕೂತಿದ್ದೀರಿ? ಕಣ್ಯಾಕೆ ಕೆಂಪಗದೆ?" ಅಂದಳು. ನಾನು ಎದ್ದು, ಸುತ್ತಿ ಬಳಸದೆ ಎಲ್ಲ ಹೇಳಿದೆ. ಇವರು ಹೊಗೆಸೊಪ್ಪಿನ ನೀರು ಹೊಡೆದದ್ದು, ಗಾಳಿ ಅವಳ ತೋಟದ ಕಡೆ ಇದ್ದದ್ದು, ಹುಳ ಒಂದೂ ಅಲ್ಲಾಡದೆ ಬಿಳಿಚಿಕೊಂಡಿದ್ದು. ಅವಳ ಮುಖ ಕಪ್ಪಿಟ್ಟಿತು. ಚೀಲ ಕಲ್ಲಿನ ಮೇಲಿಟ್ಟು, ಮಲ್ಲಿಗೆ ಕಿತ್ತು ಅದರ ಮೇಲಿಟ್ಟು, ನಲ್ಲಿಯಲ್ಲಿ ಕೈಕಾಲು ತೊಳೆದು ಬೀಗ ತೆಗೆದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು. ಕಾಂಪೌಂಡಿನ ಆಚೆ ಇವರ ತಲೆ ಕಂಡಿತು. ಕೈ ಮುಗಿದುಕೊಂಡೇ ನಿಂತಿದ್ದರು.

ಬಾಗಿಲು ತೆಗೆಯಿತು. ಜಯಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಅಕ್ಕೋ, ನೀವು ಯಾವ್ ಸೀಮೆ ಹುಳದ ಮನೇಲಿ ಹುಟ್ಟಿದ್ರಿ? ನಾಕನೇ ಜ್ವರಕ್ಕೆ ಕೂತವೆ ಕಣಕ್ಕಾ! ಬೆಳಗಿಂದ ಒಂದೆಲೆ ಹಾಕಿಲ್ಲ. ಆ ಸಾಲು ಕೊಯ್ದಿದ್ದು ನೆನ್ನೆ. ಸುಣ್ಣ ಉದುರಿಸ್ಬುಟ್ಟು ಚನ್ನಪಟ್ಟಣಕ್ಕೆ ನಾಮಕರಣಕ್ಕೆ ಹೋಗಿದ್ದೆ. ಜ್ವರದ ದಿನ ಅಲ್ದೆ ಇನ್ಯಾವತ್ತು ನಾನು ಮನೆಗೆ ಬೀಗ ಹಾಕಿವ್ನಿ ಹೇಳಿ?"

ಹೋದ ಜೀವ ಬಂದ ಹಾಗಾಯಿತು ಅನ್ನುತ್ತಾರಲ್ಲ, ನಿಜಕ್ಕೂ ಹಾಗೇ ಆಗುತ್ತದೆ. ಮೊದಲು ಮಂಡಿಗೆ ಬರುತ್ತದೆ, ಆಮೇಲೆ ಎದೆಗೆ. ವರ್ಷ ವರ್ಷ ಬೋರ್ಡಿನ ಮೇಲೆ ಹುಳದ ಚಿತ್ರ ಬರೆದು ಪೊರೆ ಬಿಡುವ ಪಾಠ ಮಾಡುವವಳು ನಾನು. ಜ್ವರದ ದಿನ ಹೊಸ ಲಂಗಕ್ಕೆ ಕುಣಿದವಳು ನಾನು. ಬಾಗಿಲಿಗೆ ಬಿದ್ದ ಬೀಗ ನೋಡಿದ ಕೂಡಲೇ ನನಗೆ ತಿಳಿಯಬೇಕಿತ್ತು. ನಾಚಿಕೆಯೂ ಆಯಿತು, ನಗುವೂ ಬಂತು, ಅಳು ಇನ್ನೂ ನಿಂತಿರಲಿಲ್ಲ. ಜಯಮ್ಮನ ಕೈ ಹಿಡಿದುಕೊಂಡುಬಿಟ್ಟೆ.

ಅವಳಿಗೆ ಸಿಟ್ಟು ಬಂದದ್ದು ಆಮೇಲೆ. ಹುಳ ಉಳಿದಿವೆ ಅಂತ ಧೈರ್ಯವಾಗುವವರೆಗೆ ತಡೆದುಕೊಂಡಿದ್ದಿರಬೇಕು. ಕಾಂಪೌಂಡಿನ ಕಡೆ ತಿರುಗಿ, "ಸಾರ್, ಎರಡು ಬದ್ನೇಕಾಯಿ ಕೊಟ್ಟು ನನ್ ಬೆಳೆ ನುಂಗಾಕೆ ನೋಡುದ್ರಲ್ಲ!" ಅಂತ ಶುರು ಮಾಡಿದಳು. "ನಾಳೆ ಜ್ವರ ಬುಟ್ಟು ಎದ್ದು ಬಾಯಿ ತೆಗೀತವೆ, ಆಗ ಮೊದಲಿನ ಹಂಗಲ್ಲ, ರಾಕ್ಷಸನ ಹಂಗೆ ತಿಂತವೆ. ನಿಮ್ ಗೋಡೆ ಪಕ್ಕದ ಸೊಪ್ಪನ್ನ ನಾನೀಗ ಮುಟ್ಟಂಗಿಲ್ಲ. ಏನ್ ಹಾಕ್ಲಿ ಅವುಕ್ಕೆ? ನಿಮ್ ಅವರೆ ಸೊಪ್ಪಾ?" ಬೈಸಿಕೊಳ್ಳುವುದರಲ್ಲೂ ಒಂದು ಸುಖವಿರುತ್ತದೆ ಅನ್ನುವುದು ಅವತ್ತು ಇವರ ಮುಖದಲ್ಲಿ ಕಂಡಿತು.

ಮರುದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಸ್ಕೂಟರಿಲ್ಲ. ಇವರು ಕೂಟಗಲ್ ಕಡೆ ನನ್ನ ತಮ್ಮನ ತೋಟಕ್ಕೆ ಹೋಗಿ, ಅವನ ಕೈಲಿ ಸೊಪ್ಪು ಕೊಯ್ಯಿಸಿ, ಬಾಡದ ಹಾಗೆ ಒದ್ದೆ ಗೋಣಿಚೀಲ ಸುತ್ತಿ ಸ್ಕೂಟರಿಗೆ ಕಟ್ಟಿಕೊಂಡು ಬಂದಿದ್ದರು. ಹುಳ ಹಣ್ಣಾಗುವವರೆಗೂ ದಿನಾ ಇದೇ ಕೆಲಸ. ಮುಂದೆ ಒಂದು ಹೊರೆ, ಹಿಂದೆ ಒಂದು ಹೊರೆ, ನಡುವೆ ಕನ್ನಡಕ. ದಾರಿಯಲ್ಲಿ ಕಾರ್ಖಾನೆಯ ಹಳೇ ಸ್ನೇಹಿತರೊಬ್ಬರು, "ಏನ್ಲಾ, ವಿಆರ್ಎಸ್ ತಗಂಡು ಹುಳ ಮೇಯ್ಸಕ್ಕೆ ಶುರು ಹಚ್ಕಂಡ್ಯಾ?" ಅಂತ ಕೂಗಿದರಂತೆ. ಎಲೆಯಡಿಕೆಯ ಡಬ್ಬಿಯಲ್ಲಿದ್ದ ಹೊಗೆಸೊಪ್ಪನ್ನು ನಾನು ಹೇಳದೆಯೇ ಚರಂಡಿಗೆ ಸುರಿದಿದ್ದರು. ಊಟವಾದ ಮೇಲೆ ಬರೀ ಅಡಿಕೆ ಜಗಿಯುತ್ತ ಮಂಕಾಗಿ ಕೂರುತ್ತಿದ್ದರು. ಜಯಮ್ಮ ಮಾತ್ರ ಕರಗಲಿಲ್ಲ. ಸೊಪ್ಪಿನ ಹೊರೆಯನ್ನು ಅಂಗಳದ ಆಚೆ ಕಲ್ಲಿನ ಮೇಲೆ ಇಡಿಸುತ್ತಿದ್ದಳು. ಇವರು ಹೋದ ಮೇಲೆ ಬಗ್ಗಿ ಎಲೆ ಎಲೆಯನ್ನೂ ಮೂಸಿ ನೋಡಿ ಒಳಗೆ ಒಯ್ಯುತ್ತಿದ್ದಳು. ಇವರು ಅದನ್ನು ತಾರಸಿಯಿಂದ ನೋಡುತ್ತಿದ್ದರು.

ಬೆಳೆ ಕೈ ಹಿಡಿಯಿತು, ಗೂಡು ಗಟ್ಟಿಯಾಗಿ ಬಂತು, ಮೈದುನ ಸೈಟಿನ ಮಾತು ನಿಲ್ಲಿಸಿದ. ಇವೆಲ್ಲ ಆಮೇಲಿನವು. ನಾನು ಹೇಳಬೇಕಾದದ್ದು ಹುಳ ಹಣ್ಣಾದ ದಿನದ್ದು.

ಅದೊಂದು ಭಾನುವಾರ. ಹುಳ ಒಟ್ಟೊಟ್ಟಿಗೇ ಹಣ್ಣಾಗಿಬಿಟ್ಟವು. ಸೊಪ್ಪು ಬಿಟ್ಟು, ಮೈ ಹೊಳೆಯುವ ಹಾಗಾಗಿ, ತಲೆ ಅತ್ತಿತ್ತ ಆಡಿಸುತ್ತ ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಹಣ್ಣಾದ ಹುಳ ಕಾಯುವುದಿಲ್ಲ. ತಡ ಮಾಡಿದರೆ ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತದೆ. ಬೀದಿಯ ಹೆಂಗಸರೆಲ್ಲ ಬಂದು ಆರಿಸಲು ಕೂತೆವು. ಬಾಡಿಗೆಗೆ ತಂದ ಚಂದ್ರಿಕೆಗಳು ಒಂದೊಂದಾಗಿ ತುಂಬಿದವು. ಕೊನೆಯ ಅಟ್ಟಣಿಗೆ ಇನ್ನೂ ಬಾಕಿಯಿತ್ತು. ಜಯಮ್ಮ, "ಅಯ್ಯೋ ದೇವ್ರೇ, ಚಂದ್ರಿಕೆ ಒಂದು ಸಾಲ್ದಾಯ್ತಲ್ಲ, ಆರ್ಸೋ ಕೈನೂ ಸಾಲ್ದು" ಅಂತ ಜೋರಾಗಿ ಕೂಗಿಕೊಂಡಳು. ಆ ಕೂಗು ತಾರಸಿಗೂ ಕೇಳಿಸಿತ್ತು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಗಲಾಟೆಯಾಯಿತು. ನಾನು ಬಾಗಿಲಿಗೆ ಬಂದು ನೋಡಿದೆ. ಇವರು ತಲೆಯ ಮೇಲೆ ಟವೆಲಿಟ್ಟು, ಅದರ ಮೇಲೆ ನಮ್ಮ ಚಂದ್ರಿಕೆ ಹೊತ್ತುಕೊಂಡು ಬರುತ್ತಿದ್ದರು. ಸುರುಳಿಗಳ ಸಂದಿಯಲ್ಲಿ ಕತ್ತರಿಸಿದ ಹಸಿ ಬಳ್ಳಿಯ ತುಂಡುಗಳು ಇನ್ನೂ ನೇತಾಡುತ್ತಿದ್ದವು. ಎಳೇ ಅವರೆಕಾಯಿ ಒಂದು ಗೊಂಚಲು ಕಿವಿಯ ಪಕ್ಕ ಜೋತುಬಿದ್ದಿತ್ತು. ಹಗಲೆಲ್ಲ ಕುರ್ಚಿ ಹಾಕಿಕೊಂಡು ಕಾದ ಬಳ್ಳಿ, ಸಂಕ್ರಾಂತಿಯ ಸಾರಿನ ಬಳ್ಳಿ, ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದ ಬಳ್ಳಿ. ತಮ್ಮ ಕೈಯಾರೆ ಬುಡದಿಂದ ಕೊಯ್ದು ಬಂದಿದ್ದರು.

"ಜಯಮ್ಮ, ಇಗೋ ಚಂದ್ರಿಕೆ" ಅಂದರು, ಏದುಸಿರು ಬಿಡುತ್ತ.

ಜಯಮ್ಮ ಹೊಸ್ತಿಲಲ್ಲಿ ಎರಡೂ ಕೈ ಅಡ್ಡ ಹಿಡಿದು ಕಿರುಚಿದಳು, "ಅಲ್ಲೇ ನಿಂತ್ಕೊಳಿ! ಅದಕ್ಕೇ ಅಲ್ವೇನ್ರೀ ನೀವು ಹೊಗೆಸೊಪ್ಪಿನ ಸ್ನಾನ ಮಾಡ್ಸಿದ್ದು!"

ಒಳಗಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಏನು ಮಾಡಲಿ. ಇವರು ನಗಲಿಲ್ಲ. ಚಂದ್ರಿಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, "ಮರೆತೇಬಿಟ್ಟಿದ್ದೆ" ಅಂದರು. ಆ ದನಿ ಕೇಳಿ ನಾನು ನಗು ನಿಲ್ಲಿಸಿದೆ. ಬಳ್ಳಿಯೂ ಹೋಯಿತು, ಚಂದ್ರಿಕೆಯೂ ಬೇಡವಾಯಿತು. ವಾಪಸು ಹೋಗಲು ತಿರುಗಿದರು.

"ಎಲ್ಲಿಗ್ ಹೋಯ್ತಿರಾ?" ಅಂದಳು ಜಯಮ್ಮ. "ಅಲ್ಲಿ ನಲ್ಲಿ ಐತೆ, ಸೋಪು ಐತೆ. ಮೊಣಕೈಗಂಟ ತೊಳ್ಕೊಂಡ್ ಬನ್ನಿ."

ಇವರು ತೊಳೆದರು. ಒಂದು ಸಲವಲ್ಲ, ಉಜ್ಜಿ ಉಜ್ಜಿ ಚರ್ಮ ಕೆಂಪಾಗುವವರೆಗೆ ತೊಳೆದರು. ತೊಳೆದುಕೊಂಡು ಬಂದು, ಯಾರೂ ಕೇಳುವ ಮೊದಲೇ, ಹೊಸ್ತಿಲ ಆಚೆ ನಿಂತು ಎರಡೂ ಕೈ ಮುಂದೆ ಚಾಚಿದರು. ಅಜ್ಜಿಯ ಮುಂದೆ ಚಾಚಿದ್ದರಲ್ಲ, ಹಾಗೇ. ಈಗ ಆ ಕೈಯ ಕೂದಲು ಬೆಳ್ಳಗಾಗಿತ್ತು.

ಜಯಮ್ಮ ಬಗ್ಗಿ ಅಂಗೈ ಮೂಸಿದಳು. ಬೆರಳ ಸಂದು ಮೂಸಿದಳು. ಇನ್ನೊಂದು ಕೈಯನ್ನೂ ಮೂಸಿದಳು. ಒಳಗೆ ಹೆಂಗಸರು ಹುಳ ಆರಿಸುವುದು ಬಿಟ್ಟು ಬಾಗಿಲ ಕಡೆ ತಿರುಗಿದರು.

"ಚಂದ್ರಿಕೆ ಆಚೆ ಇರ್ಲಿ" ಅಂದಳು, ಬಾಗಿಲಿಂದ ಪಕ್ಕಕ್ಕೆ ಸರಿದು. "ನೀವು ಬನ್ನಿ ಭಾವ, ಒಳಕ್ಕೆ."